ಯೂಲ್ ಯಾರ ಹಬ್ಬ?

ಡಿಸೆಂಬರ್ ಬಂತೆಂದರೆ ಸಾಕು, ಒಂದು ಫಾರ್ವರ್ಡ್ ತಪ್ಪದೇ ಬಂದು ಬೀಳುತ್ತದೆ. "ಕ್ರಿಸ್‌ಮಸ್ ಅನ್ನೋದು ನಿಜಕ್ಕೂ ವೈಕಿಂಗರ ಹಬ್ಬ. ಚರ್ಚಿನವರು ಅದನ್ನು ಕದ್ದು ಹೆಸರು ಬದಲಾಯಿಸಿದರು" ಅಂತ. ಅದರ ಹಿಂದೆಯೇ ಇನ್ನೊಬ್ಬರ ಉತ್ತರ: "ಅದೆಲ್ಲಾ ಕಟ್ಟುಕಥೆ, ವೈಕಿಂಗರಿಗೆ ಅಂಥ ಹಬ್ಬವೇ ಇರಲಿಲ್ಲ." ಪುರಾವೆ ಏನು ಸ್ವಾಮಿ ಅಂತ ಕೇಳಿದರೆ ಎರಡೂ ಕಡೆ ಗಪ್‌ಚುಪ್ :-) ನಿಜ ಸಂಗತಿ ಇವೆರಡಕ್ಕಿಂತ ಸ್ವಾರಸ್ಯವಾಗಿದೆ. ಅದಕ್ಕೇ ಈ ಬರಹ.

ಮೊದಲು ಹೆಸರು ನೋಡೋಣ. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಇವತ್ತಿಗೂ ಕ್ರಿಸ್‌ಮಸ್‌ನ ಹೆಸರಿನಲ್ಲಿ ಕ್ರಿಸ್ತನಿಲ್ಲ. ಅಲ್ಲಿ ಅದು 'ಯೂಲ್'. ಐಸ್‌ಲ್ಯಾಂಡಿನಲ್ಲಿ 'ಯೋಲ್'. ಇಂಗ್ಲೆಂಡಿನ ಬೀಡ್ ಎಂಬ ಸನ್ಯಾಸಿ 725ರಲ್ಲಿ ಕಾಲಗಣನೆಯ ಬಗ್ಗೆ ಬರೆದ ಪುಸ್ತಕದಲ್ಲಿ, ತನ್ನ ಜನ ಹಿಂದೆ ಡಿಸೆಂಬರ್, ಜನವರಿ ಎರಡನ್ನೂ 'ಗಿಯುಲಿ' ಅಂತ ಕರೆಯುತ್ತಿದ್ದರು ಎನ್ನುತ್ತಾನೆ. ಇದೂ ಅದೇ ಪದ. ಅಂದರೆ ಹೆಸರಂತೂ ಚರ್ಚಿನದಲ್ಲ, ಅದಕ್ಕಿಂತ ಹಳೆಯದು.

ಇನ್ನು ಹಬ್ಬದಲ್ಲಿ ಏನು ಮಾಡುತ್ತಿದ್ದರು? ಹಳೆಯ ನಾರ್ಸ್ ಭಾಷೆಯಲ್ಲಿ ಯೂಲನ್ನು 'ಆಚರಿಸುವುದು' ಅನ್ನುವ ಬದಲು 'ಕುಡಿಯುವುದು' ಎನ್ನುತ್ತಿದ್ದರು! ಸುಮಾರು 900ರ ಹೊತ್ತಿನದೆಂದು ಹೇಳಲಾಗುವ ಹೊಗಳುಪದ್ಯವೊಂದರಲ್ಲಿ, ನಾರ್ವೆಯ ರಾಜ ಹರಾಲ್ಡನಿಗೆ ಮನೆಯಲ್ಲಿ ಬೆಚ್ಚಗೆ ಕೂರದೆ ಸಮುದ್ರದ ಮೇಲೆಯೇ ಯೂಲ್ ಕುಡಿಯುವ ಆಸೆ.

ಈ ಹರಾಲ್ಡನ ಮಗನೇ ನಮ್ಮ ಕಥಾನಾಯಕ ಹಾಕೋನ್. ಬೆಳೆದದ್ದು ಇಂಗ್ಲೆಂಡಿನ ರಾಜ ಅಥೆಲ್‌ಸ್ಟನ್ ಆಸ್ಥಾನದಲ್ಲಿ, ಕ್ರೈಸ್ತನಾಗಿ. ಸುಮಾರು 934ರಲ್ಲಿ ಊರಿಗೆ ಬಂದು ರಾಜನಾದ. ಪ್ರಜೆಗಳೆಲ್ಲ ಓಡಿನ್, ಥಾರ್, ಫ್ರೇ ದೇವರುಗಳ ಒಕ್ಕಲು. ಇವನ ಕಥೆ ನಮಗೆ ಸಿಗುವುದು ಐಸ್‌ಲ್ಯಾಂಡಿನ ಸ್ನೊರ್ರಿ ಸ್ಟುರ್ಲುಸನ್ ಸುಮಾರು 1230ರಲ್ಲಿ ಬರೆದ 'ಹೈಮ್ಸ್‌ಕ್ರಿಂಗ್ಲಾ'ದಲ್ಲಿ. ನಡೆದದ್ದಕ್ಕೂ ಬರೆದದ್ದಕ್ಕೂ ಹತ್ತಿರ ಹತ್ತಿರ 300 ವರ್ಷ ಅಂತರ ಅನ್ನುವುದನ್ನು ನೆನಪಿಟ್ಟುಕೊಂಡೇ ಓದಬೇಕು.

ಸ್ನೊರ್ರಿ ಹೇಳುವ ಪ್ರಕಾರ ದೇವರಿಗೆ ಬಲಿ ಕೊಡುವ ಔತಣಕ್ಕೆ ರೈತರೆಲ್ಲ ತಮ್ಮ ತಮ್ಮ ಬುತ್ತಿ, ಬಿಯರ್ ಹೊತ್ತು ತರುತ್ತಿದ್ದರು. ಕುದುರೆ ಮೊದಲಾದ ಪ್ರಾಣಿಗಳನ್ನು ಕಡಿದು, ನೆತ್ತರನ್ನು ಗೋಡೆಗೂ ಜನರಿಗೂ ಚಿಮುಕಿಸಿ, ಮಾಂಸವನ್ನು ಕೊಪ್ಪರಿಗೆಯಲ್ಲಿ ಬೇಯಿಸುವುದು. ಆಮೇಲೆ ಸರದಿಯಂತೆ ಪಾನ: ರಾಜನ ಗೆಲುವಿಗೆ ಓಡಿನ್ ಹೆಸರಲ್ಲಿ, ಒಳ್ಳೆ ಬೆಳೆಗೂ ನೆಮ್ಮದಿಗೂ ನ್ಯೋರ್ಡ್ ಮತ್ತು ಫ್ರೇ ಹೆಸರಲ್ಲಿ, ಕೊನೆಗೆ ತೀರಿಹೋದ ಬಂಧುಗಳ ನೆನಪಿಗೆ. (ನೆತ್ತರು ಚಿಮುಕಿಸುವ ವಿವರ ಬೈಬಲ್ ಓದಿನಿಂದ ಬಂದಿರಬಹುದು ಅಂತ ಅನುಮಾನಿಸುವ ವಿದ್ವಾಂಸರಿದ್ದಾರೆ.)

ಹಾಕೋನ್ ಒಂದು ಕಾನೂನು ಮಾಡಿದ. ಮೊದಲು ನಡುಚಳಿಗಾಲದ ರಾತ್ರಿ ಶುರುವಾಗಿ ಮೂರು ರಾತ್ರಿ ನಡೆಯುತ್ತಿದ್ದ ಯೂಲನ್ನು ಇನ್ನು ಕ್ರೈಸ್ತರ ಹಬ್ಬದ ದಿನವೇ ಆಚರಿಸಬೇಕು. ಪ್ರತಿಯೊಬ್ಬನೂ ಇಂತಿಷ್ಟು ಮಾಲ್ಟಿನಿಂದ ಬಿಯರ್ ಮಾಡಬೇಕು, ಇಲ್ಲದಿದ್ದರೆ ದಂಡ. ಬಿಯರ್ ಮುಗಿಯುವ ತನಕ ಹಬ್ಬ! (ನಮ್ಮ ಕಂಪನಿಗಳ ಎಚ್‌ಆರ್‌ನವರು ಇದನ್ನು ಓದಬೇಕು.)

ಇಷ್ಟಕ್ಕೆ ಜನ ಸುಮ್ಮನಾದರು. ಆದರೆ ಹಳೆ ದೇವರನ್ನೇ ಬಿಡಿ ಅಂದಾಗ ತಿರುಗಿಬಿದ್ದರು. ಟ್ರಾಂಡ್‌ಹೈಮ್ ಬಳಿಯ ಲಾಡೆಯಲ್ಲಿ ಸುಗ್ಗಿಯ ಔತಣ. ರಾಜ ಪಾನದ ಕೊಂಬಿನ ಮೇಲೆ ಶಿಲುಬೆಯ ಗುರುತು ಮಾಡಿದ. ರೈತರು ಗುರ್ ಅಂದಾಗ ಅವನ ಗೆಳೆಯ ಸಿಗುರ್ಡ್ "ಅದು ಥಾರ್‌ನ ಸುತ್ತಿಗೆಯ ಗುರುತು" ಅಂತ ಹೇಳಿ ಪಾರು ಮಾಡಿದ. ಮರುದಿನ ಕುದುರೆ ಮಾಂಸ ತಿನ್ನಲೇಬೇಕೆಂದು ಪಟ್ಟು. ಕೊನೆಗೆ ಕೊಪ್ಪರಿಗೆಯ ಜಿಡ್ಡು ಹಿಡಿದ ಹಿಡಿಗೆ ಬಟ್ಟೆ ಸುತ್ತಿ, ಅದರ ಮೇಲೆ ರಾಜ ಬಾಯಿ ತೆರೆದ. ಯಾರಿಗೂ ಸಮಾಧಾನವಾಗಲಿಲ್ಲ. ಮುಂದೆ ರೈತರ ಕಡೆಯವರು ಮೂರು ಚರ್ಚ್ ಸುಟ್ಟು ಮೂವರು ಪಾದ್ರಿಗಳನ್ನು ಕೊಂದರು. ಆ ಯೂಲ್‌ಗೆ ರಾಜ ಕುದುರೆಯ ಲಿವರ್ ಚೂರು ತಿಂದು, ಶಿಲುಬೆ ಗುರುತಿಲ್ಲದೆ ಎಲ್ಲಾ ಪಾನಗಳನ್ನೂ ಕುಡಿಯಬೇಕಾಯಿತು.

ರೈತರು ಬರೀ ಹಟಮಾರಿಗಳು ಅಂದುಕೊಳ್ಳಬೇಡಿ. ಟ್ರಾಂಡ್‌ಹೈಮ್‌ನಲ್ಲಿ ಡಿಸೆಂಬರ್ ಕೊನೆಗೆ ಹಗಲು ನಾಲ್ಕೂವರೆ ಗಂಟೆ ಅಷ್ಟೇ. ಕಣಜದಲ್ಲಿ ಇರುವುದರಲ್ಲೇ ವಸಂತದವರೆಗೆ ಬದುಕಬೇಕು. ಬರುವ ವರ್ಷದ ಬೆಳೆಗಾಗಿ ಮಾಡುವ ಔತಣದಲ್ಲಿ ರಾಜನೇ ಉಣ್ಣದಿದ್ದರೆ ಊರಿಗೇ ಕೇಡು ಅನ್ನುವ ಭಯ ಅವರದು. 961ರ ಹೊತ್ತಿಗೆ ಹಾಕೋನ್ ಸತ್ತಾಗ, ಅವನ ಮೇಲೆ ಕಟ್ಟಿದ ಪದ್ಯ ಈ ಕ್ರೈಸ್ತ ರಾಜನನ್ನು ನೇರ ಓಡಿನ್‌ನ ವಲ್‌ಹಲ್ಲಾಕ್ಕೇ ಕಳಿಸಿತು!

ಹಾಗಾದರೆ ಹಳೆಯ ತಾರೀಖು ಯಾವುದು? ಸ್ವೀಡನ್ನಿನ ವಿದ್ವಾಂಸ ಆಂಡ್ರಿಯಾಸ್ ನೂರ್ಡ್‌ಬೆರಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದು ಡಿಸೆಂಬರ್ 21 ಅಲ್ಲ. ಅತಿ ದೀರ್ಘ ರಾತ್ರಿ ಕಳೆದ ಮೇಲೆ ಬರುವ ಅಮಾವಾಸ್ಯೆಯ ನಂತರದ ಹುಣ್ಣಿಮೆ. ಅಂದರೆ ನಮ್ಮ ಲೆಕ್ಕದಲ್ಲಿ ಜನವರಿಯಿಂದ ಫೆಬ್ರವರಿಯೊಳಗೆ ಎಂದಾದರೂ ಬರಬಹುದು. ಅವರದೂ ಚಂದ್ರನ ತಿಂಗಳು, ಸೂರ್ಯನ ವರ್ಷ. ಎರಡನ್ನೂ ಸರಿದೂಗಿಸಲು ನಮ್ಮ ಅಧಿಕ ಮಾಸದ ಹಾಗೆ ಆಗಾಗ ಹೆಚ್ಚುವರಿ ತಿಂಗಳು.

ಈಗ ಫಾರ್ವರ್ಡ್‌ಗೆ ಉತ್ತರ. ಡಿಸೆಂಬರ್ 25ರ ಕ್ರಿಸ್ತಜಯಂತಿ ರೋಮ್‌ನಲ್ಲಿ 336ರಷ್ಟು ಹಿಂದೆಯೇ ದಾಖಲಾಗಿದೆ, ವೈಕಿಂಗರಿಗಿಂತ ನಾಲ್ಕು ಶತಮಾನಕ್ಕೂ ಮುಂಚೆ. ಸ್ನೊರ್ರಿಯನ್ನು ನಂಬುವುದಾದರೆ ಕ್ರಿಸ್‌ಮಸ್ ಯೂಲ್‌ನ ದಿನಕ್ಕೆ ಬರಲಿಲ್ಲ, ಯೂಲೇ ಕ್ರಿಸ್‌ಮಸ್‌ನ ದಿನಕ್ಕೆ ಹೋಯಿತು. ಆದರೆ ಹೋಗುವಾಗ ತನ್ನ ಹೆಸರು, ಕೊಂಬು, ಬಿಯರ್ ಎಲ್ಲಾ ಹೊತ್ತುಕೊಂಡೇ ಹೋಯಿತು. ಪಶ್ಚಿಮ ನಾರ್ವೆಯ ಗುಲಾಥಿಂಗ್ ಕಾನೂನು ಆಮೇಲಿನದು, ಕ್ರೈಸ್ತರದ್ದು. ಅದರಲ್ಲೂ ಹಬ್ಬಕ್ಕೆ ಬಿಯರ್ ಮಾಡುವುದು ಕಡ್ಡಾಯ, ತಪ್ಪಿದರೆ ಬಿಷಪ್ಪರಿಗೆ ದಂಡ. ಹರಕೆ ಅದೇ: ಒಳ್ಳೆ ವರ್ಷ, ನೆಮ್ಮದಿ. ಓಡಿನ್, ಫ್ರೇ ಇದ್ದ ಜಾಗದಲ್ಲಿ ಕ್ರಿಸ್ತ, ಮೇರಿ ಅಷ್ಟೇ.

ಇಂದಿನ ಸ್ವೀಡನ್ನಿನ ಹಬ್ಬದೂಟವನ್ನೇ ನೋಡಿ. ಹಂದಿಯ ತೊಡೆ ಮಾಂಸವಿದೆ: ಚಳಿಗಾಲಕ್ಕೆ ಮುಂಚೆ ಹಂದಿ ಕಡಿದು ಉಪ್ಪು ಹಾಕಿಡುತ್ತಿದ್ದ ರೈತರ ಲೆಕ್ಕಾಚಾರ. ಒಣಮೀನನ್ನು ಕ್ಷಾರದ ನೀರಿನಲ್ಲಿ ನೆನೆಸಿ ಮಾಡುವ ಲೂಟ್‌ಫಿಸ್ಕ್ ಇದೆ: ಹಬ್ಬಕ್ಕೆ ಮುಂಚೆ ಮಾಂಸ ಬಿಡುತ್ತಿದ್ದ ಕ್ಯಾಥೊಲಿಕ್ ಉಪವಾಸದ ಗುರುತು. 16ನೇ ಶತಮಾನದಲ್ಲಿ ದೇಶ ಲೂಥರನ ಪಂಥಕ್ಕೆ ಹೋಯಿತು, ಉಪವಾಸವೂ ಹೋಯಿತು, ಮೀನು ಉಳಿಯಿತು. ಅಕ್ಕಿಯ ಪಾಯಸದಂಥ ಗಂಜಿ ಇದೆ: ಅಕ್ಕಿ ಆ ನೆಲದಲ್ಲಿ ಬೆಳೆಯುವುದೇ ಇಲ್ಲ, ಹಡಗಿನಲ್ಲಿ ಬಂದದ್ದು.

ಇನ್ನು ಐಸ್‌ಲ್ಯಾಂಡಿನ ನಡುಚಳಿಗಾಲದ ಥೋರ್ರಾಬ್ಲೋಟ್ ಔತಣವಂತೂ ಮಜವಾಗಿದೆ. ಹೆಸರು ಹಳೆಯದು. ಆದರೆ ಈಗಿನ ಆಚರಣೆ ಶುರುವಾದದ್ದು 19ನೇ ಶತಮಾನದಲ್ಲಿ, ಸ್ವಾತಂತ್ರ್ಯದ ಕನಸು ಕಾಣುತ್ತಿದ್ದ ವಿದ್ಯಾರ್ಥಿಗಳಿಂದ. ಕುರಿತಲೆ, ಹುಳಿಹಾಕಿದ ಮಾಂಸ ಎಲ್ಲಾ ಒಟ್ಟಿಗೆ ಮರದ ಮರಿಗೆಯಲ್ಲಿ ಬಡಿಸುವ 'ಪ್ರಾಚೀನ ಸಂಪ್ರದಾಯ'ವನ್ನು ಜನಪ್ರಿಯ ಮಾಡಿದ್ದು 1958ರಲ್ಲಿ ರೇಕ್ಯಾವಿಕ್‌ನ ನೌಸ್ಟಿದ್ ಎಂಬ ಹೋಟೆಲ್! ತಿನಿಸುಗಳು ಹಳೆಯವೇ, ತಟ್ಟೆ ಹೊಸದು.

ಹಾಗಾಗಿ ಯೂಲ್ ಯಾರದ್ದು ಅಂದರೆ ನನ್ನ ಉತ್ತರ: ಚಳಿಗಾಲ ದಾಟಬೇಕಾಗಿದ್ದವರದ್ದು. ಕದ್ದವರೂ ಇಲ್ಲ, ಕಳಕೊಂಡವರೂ ಇಲ್ಲ. ದೇವರು ಬದಲಾದರು, ತಾರೀಖು ಬದಲಾಯಿತು, ತಟ್ಟೆಯಲ್ಲಿದ್ದದ್ದೂ ಬದಲಾಯಿತು. ಬರುವ ವರ್ಷ ಚೆನ್ನಾಗಿರಲಿ ಅಂತ ಕತ್ತಲಲ್ಲಿ ಒಟ್ಟಿಗೆ ಕೂತು ಉಣ್ಣುವುದು ಮಾತ್ರ ಬದಲಾಗಲಿಲ್ಲ. ನೀವೇನಂತೀರಿ?