ಯೋಜನೆ: ಹೂಡಿದ್ದು, ಹೊತ್ತದ್ದು

‘ಯೋಜನೆ’ಯನ್ನು ಬಿಡಿಸಹೊರಟರೆ ಮೊದಲು ಕೈಗೆ ಸಿಗುವುದು ‘ಯುಜ್’ ಧಾತು: ಜೋಡಿಸು, ಕಟ್ಟು, ನೊಗಕ್ಕೆ ಹೂಡು. ಯುಗ, ಯೋಗ, ಯುಕ್ತಿ, ಯೋಗ್ಯ ಎಲ್ಲವೂ ಅದೇ ಬಳಗ. ಹೂಡಿದ ಎತ್ತುಗಳನ್ನು ನಡುವೆ ಬಿಚ್ಚದೆ ಸಾಗಬಹುದಾದ ದಾರಿಯೇ ‘ಯೋಜನ’ವೆಂಬ ಅಳತೆಯಾಯಿತೆನ್ನುತ್ತಾರೆ, ಅರ್ಥಶಾಸ್ತ್ರ ಅದನ್ನು ನಾಲ್ಕು ಗೋರುತವೆನ್ನುತ್ತದೆ, ಗೋರುತವೋ ಹಸುವಿನ ಕೂಗು ಕೇಳಿಸುವಷ್ಟು ದೂರ. ತಮಿಳಿನ ‘ಯೋಸನೈ’ ಈಗಲೂ ದೂರವನ್ನೂ ಆಲೋಚನೆಯನ್ನೂ ಒಟ್ಟಿಗೇ ಹೊತ್ತಿದೆ. ನಾವು ಯೋಜನೆ, ಯೋಚನೆ ಎಂದು ಬೇರೆ ಬೇರೆ ಮನೆ ಮಾಡಿಕೊಟ್ಟಿದ್ದೇವೆ.

ಅಚ್ಚಗನ್ನಡದ ‘ಹೂಡು’ ತಾನಾಗಿಯೇ ಇದೇ ಹಾದಿ ತುಳಿದಿರುವುದು ನನಗೆ ಬಲು ಸೋಜಿಗ. ಗಾಡಿ ಹೂಡುತ್ತೇವೆ, ಬಾಣ ಹೂಡುತ್ತೇವೆ, ದಾವೆ, ಬಂಡವಾಳ, ಕೊನೆಗೆ ಸಂಚನ್ನೂ ಹೂಡುತ್ತೇವೆ. ಎತ್ತಿನ ಹೆಗಲಿನಿಂದ ಹೊರಟ ಮಾತು ಸಂಸ್ಕೃತ, ಕನ್ನಡ ಎರಡೂ ನುಡಿಗಳಲ್ಲಿ ಮನಸ್ಸಿನ ಹೂಟಕ್ಕೇ ಬಂದು ಮುಟ್ಟಿದೆ.

ಕಳೆದ ಶತಮಾನ ಈ ಪದವನ್ನು ಕಚೇರಿಗೆ ಕರೆತಂದಿತು. 1951ರಲ್ಲಿ ಮೊದಲಾದ ಪಂಚವಾರ್ಷಿಕ ಯೋಜನೆಯಲ್ಲಿ ಅದು ‘ಪ್ಲಾನ್’. 1964ರಲ್ಲಿ ಶಂಕುಸ್ಥಾಪನೆಯಾದ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ‘ಪ್ರಾಜೆಕ್ಟ್’. ವಸತಿ, ಪಿಂಚಣಿಗಳ ಮಾತು ಬಂದಾಗ ‘ಸ್ಕೀಮ್’. ಮೂರನ್ನೂ ಒಂದೇ ಪದ ಹೊತ್ತಿದ್ದರಿಂದ ನಮಗೊಂದು ನಷ್ಟವೂ ಆಗಿದೆ: ಕಾಗದದಲ್ಲಿ ಮಂಜೂರಾದದ್ದಕ್ಕೂ ನೆಲದ ಮೇಲೆ ನಡೆಯುತ್ತಿರುವುದಕ್ಕೂ ಹೆಸರಿನಲ್ಲಿ ಅಂತರವೇ ಉಳಿಯಲಿಲ್ಲ. ನೆಲದ ಮೇಲೆ ಉಳಿದೇ ಇದ್ದ ಆ ಅಂತರವನ್ನು ತುಂಬಲೆಂದೇ ಸಂಸ್ಥೆಗಳು ಬೇರೆ ವ್ಯವಸ್ಥೆ ಕಟ್ಟಬೇಕಾಯಿತು. ಮೇಲ್ದಂಡೆಯ ಕೆಲಸಕ್ಕೆಂದೇ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ಈಗಂತೂ ಇಲಾಖೆ ಇಲಾಖೆಯಲ್ಲೂ ‘ಯೋಜನಾ ನಿರ್ವಹಣಾ ಘಟಕ’. ಅಂಥ ಘಟಕ ನಿಲ್ಲುವುದು ‘ಯುಜ್’ ಧಾತುವಿನ ಉಳಿದ ಮಕ್ಕಳ ಹೆಗಲ ಮೇಲೆ: ಬೇರೆ ವಿಭಾಗದ ಎಂಜಿನಿಯರನ್ನು ಕರೆತಂದರೆ ನಿಯೋಜನೆ (ಕೆಲವು ಕಡತಗಳಲ್ಲಿ ‘ಎರವಲು ಸೇವೆ’ ಎಂಬ ಚೆಂದದ ಮಾತೂ ಇದೆ), ಎಲ್ಲರನ್ನೂ ಒಂದು ವೇಳಾಪಟ್ಟಿಗೆ ತರುವವನು ಸಂಯೋಜಕ, ಕೊನೆಗೆ ಊರಿಗೆ ದಕ್ಕಬೇಕಾದದ್ದು ಪ್ರಯೋಜನ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯಲ್ಲಂತೂ (1982) ಪದವೇ ಸಂಸ್ಥೆಯಾಗಿದೆ. ತಾಲ್ಲೂಕಿಗೊಬ್ಬರು ಯೋಜನಾಧಿಕಾರಿ, ಹಳ್ಳಿಯವರ ಬಾಯಲ್ಲಿ ‘ಯೋಜನೆಯವರು’. ನಿಘಂಟುಕಾರ ಅಮರಸಿಂಹ ‘ಯೋಗ’ಕ್ಕೆ ಕೊಟ್ಟ ಅರ್ಥಗಳು ಸನ್ನಹನ, ಉಪಾಯ, ಧ್ಯಾನ, ಸಂಗತಿ, ಯುಕ್ತಿ; ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಯ ಕರ್ತವ್ಯಗಳನ್ನು ಇದಕ್ಕಿಂತ ಅಡಕವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಇನ್ನು ‘ನಿರ್ವಹಣೆ’. ‘ವಹ್’ ಎಂದರೆ ಹೊರು; ‘ನಿರ್ವಹಿಸು’ ಎಂದರೆ ಹೊತ್ತದ್ದನ್ನು ಕೊನೆಮುಟ್ಟಿಸು. ನಾಟ್ಯಶಾಸ್ತ್ರದ ಪಂಚಸಂಧಿಗಳಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶಗಳು ಕಳೆದ ಮೇಲೆ ಬರುವ ಕಡೆಯದೇ ನಿರ್ವಹಣ, ಚದುರಿದ ಎಳೆಗಳೆಲ್ಲ ಒಂದೆಡೆ ಕೂಡುವ ಜಾಗ. ಕಚೇರಿಯಲ್ಲಿ ಅದು ಕೊನೆಯಿಂದ ಮೊದಲಿಗೆ ಸರಿದು, ಕಾರ್ಯಾದೇಶದ ದಿನದಿಂದಲೇ ಶುರುವಾಗುತ್ತದೆ. ಗ್ರಾಮ ಸಡಕ್ ಯೋಜನೆಯ ರಸ್ತೆಬದಿಯ ಫಲಕದಲ್ಲೋ ಇನ್ನೊಂದು ಹೆಜ್ಜೆ ಆಚೆಗೆ ಹೋಗಿದೆ: ಅಲ್ಲಿ ನಿರ್ವಹಣೆಯೆಂದರೆ ಡಾಂಬರು ಮುಗಿದ ಮೇಲೆ ಗುತ್ತಿಗೆದಾರ ಗುಂಡಿ ಮುಚ್ಚುತ್ತ, ಚರಂಡಿ ಬಿಡಿಸುತ್ತ ಕಳೆಯಬೇಕಾದ 5 ವರ್ಷ.