ಕುಟುಂಬದ ವಿಮಾನಯಾನ: ಟಿಕೆಟ್ ಒಟ್ಟಿಗೆ ಕೊಂಡರೆ ದುಬಾರಿಯೇ?

ಬೆಂಗಳೂರು: ರಜೆಗೆ ಮನೆಮಂದಿಯೆಲ್ಲ ದೆಹಲಿಗೋ ಕಾಶಿಗೋ ಹೊರಡುವ ಸಿದ್ಧತೆ ನಡೆದಿರುತ್ತದೆ. ಅಂತರಜಾಲದಲ್ಲಿ ಒಬ್ಬರ ಪ್ರಯಾಣ ದರವನ್ನು ನೋಡಿ, ಅದನ್ನು ನಾಲ್ಕರಿಂದ ಗುಣಿಸಿ ಖರ್ಚಿನ ಅಂದಾಜು ಮಾಡಿಕೊಂಡಿರುತ್ತಾರೆ. ಆದರೆ ನಾಲ್ವರಿಗೂ ಸೇರಿ ಟಿಕೆಟ್ ಕಾದಿರಿಸಲು ಹೋದಾಗ ಮೊತ್ತ ಅಂದಾಜನ್ನು ಮೀರಿರುತ್ತದೆ. ಹಲವು ಕುಟುಂಬಗಳಿಗೆ ಆಗಿರುವ ಅನುಭವ ಇದು. ವಿಮಾನಯಾನ ಸಂಸ್ಥೆಗಳು ಆಸನಗಳಿಗೆ ಬೆಲೆ ಕಟ್ಟುವ ಕ್ರಮವೇ ಇದಕ್ಕೆ ಮುಖ್ಯ ಕಾರಣ. ಆ ಕ್ರಮವನ್ನು ಅರಿತವರು ಕೆಲವೊಮ್ಮೆ ಸಾವಿರಾರು ರೂಪಾಯಿ ಉಳಿಸಬಹುದು. ಆದರೆ ಮಕ್ಕಳು ಜತೆಗಿದ್ದಾಗ ಆ ಉಳಿತಾಯದ ಹಿಂದೆ ತೊಡಕೂ ಇರುತ್ತದೆ.

ದರದ ಮೆಟ್ಟಿಲುಗಳು

ಒಂದೇ ವಿಮಾನದ ಸಾಮಾನ್ಯ ದರ್ಜೆಯಲ್ಲಿ ಅಕ್ಕಪಕ್ಕ ಕುಳಿತವರು ಬೇರೆ ಬೇರೆ ದರ ತೆತ್ತಿರುವುದು ಸಾಮಾನ್ಯ. ಸಂಸ್ಥೆಯು ಆಸನಗಳನ್ನು ಹಲವು ದರಶ್ರೇಣಿಗಳಾಗಿ ವಿಂಗಡಿಸಿ, ಪ್ರತಿ ಶ್ರೇಣಿಗೂ ಇಷ್ಟೇ ಆಸನಗಳೆಂದು ಮಿತಿ ಹಾಕಿರುತ್ತದೆ. ಅಗ್ಗದ ಶ್ರೇಣಿಯ ಆಸನಗಳು ಮುಗಿದ ಮೇಲೆ ಮುಂದಿನ ಶ್ರೇಣಿಯ ದರ ಅನ್ವಯವಾಗುತ್ತದೆ. ಬೇಡಿಕೆಯನ್ನು ನೋಡಿಕೊಂಡು ಈ ಮಿತಿಗಳನ್ನು ಸಂಸ್ಥೆಗಳು ಆಗಾಗ ಬದಲಿಸುತ್ತಲೂ ಇರುತ್ತವೆ.

1978ರಲ್ಲಿ ಅಮೆರಿಕವು ವಿಮಾನ ದರಗಳ ಮೇಲಿನ ಸರಕಾರಿ ನಿಯಂತ್ರಣವನ್ನು ತೆಗೆದ ಬಳಿಕ ಈ ಪದ್ಧತಿ ವ್ಯಾಪಕವಾಗಿ ಬೆಳೆಯಿತು. ಕನ್ನಡಿಗರಿಗೆ ಇದರ ಪರಿಚಯ ಮಾಡಿಸಿದ್ದು ಕ್ಯಾಪ್ಟನ್ ಗೋಪಿನಾಥ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿ, 2003ರಲ್ಲಿ ಹಾರಾಟ ಆರಂಭಿಸಿದ ಏರ್ ಡೆಕ್ಕನ್. ಒಂದು ರೂಪಾಯಿಯ ಟಿಕೆಟ್ ಎಂದು ಅದು ಸುದ್ದಿಯಾಯಿತಾದರೂ ಆ ದರಕ್ಕೆ ದೊರೆಯುತ್ತಿದ್ದುದು ಕೆಲವೇ ಆಸನಗಳು. ಉಳಿದವರು ಮೇಲಿನ ದರಗಳನ್ನು ತೆರುತ್ತಿದ್ದರು.

ನಾಲ್ವರಿಗೆ ಒಂದೇ ದರ

ಒಂದೇ ಬುಕಿಂಗ್‌ನಲ್ಲಿ ನಾಲ್ವರಿಗೆ ಆಸನ ಕೇಳಿದಾಗ, ಗಣಕ ವ್ಯವಸ್ಥೆಯು ಸಾಮಾನ್ಯವಾಗಿ ನಾಲ್ಕೂ ಆಸನಗಳು ಒಟ್ಟಿಗೆ ಲಭ್ಯವಿರುವ ದರಶ್ರೇಣಿಯನ್ನು ಹುಡುಕುತ್ತದೆ. ಅಗ್ಗದ ಶ್ರೇಣಿಯಲ್ಲಿ ಎರಡೇ ಆಸನ ಉಳಿದಿದ್ದರೆ ಅವನ್ನು ಬಿಟ್ಟು, ನಾಲ್ವರಿಗೂ ಮೇಲಿನ ಶ್ರೇಣಿಯ ದರವನ್ನೇ ತೋರಿಸುತ್ತದೆ.

ಉದಾಹರಣೆಗೆ, ಒಂದು ವಿಮಾನದಲ್ಲಿ 4,500 ರೂಪಾಯಿಯ ಎರಡು ಆಸನಗಳಿದ್ದು, ಮುಂದಿನ ದರ 5,700 ರೂಪಾಯಿ ಎಂದಿಟ್ಟುಕೊಳ್ಳೋಣ. ನಾಲ್ವರೂ ಒಟ್ಟಿಗೆ ಕಾದಿರಿಸಿದರೆ 22,800 ರೂಪಾಯಿ ಆಗುತ್ತದೆ. ಮೊದಲು ಇಬ್ಬರಿಗೆ, ಬಳಿಕ ಇನ್ನಿಬ್ಬರಿಗೆ ಕಾದಿರಿಸಿದರೆ 9,000 ಮತ್ತು 11,400 ಸೇರಿ 20,400 ರೂಪಾಯಿ. ಪ್ರಯಾಣಿಕರೂ ಅವರೇ, ವಿಮಾನವೂ ಅದೇ. ಉಳಿದದ್ದು 2,400 ರೂಪಾಯಿ.

ಪರೀಕ್ಷಿಸುವ ಬಗೆ

* ಮೊದಲು ಒಬ್ಬರಿಗೆ, ನಂತರ ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ ಎಂದು ಕ್ರಮವಾಗಿ ಹುಡುಕಿ ತಲಾ ದರವನ್ನು ಬರೆದುಕೊಳ್ಳಬೇಕು. ತಲಾ ದರ ಎಲ್ಲಿ ಏರುತ್ತದೆಯೋ ಅಲ್ಲಿಗೆ ಅಗ್ಗದ ಆಸನಗಳು ಮುಗಿದವೆಂದು ತಿಳಿಯಬಹುದು.
* ಎಲ್ಲ ಸಂಖ್ಯೆಗೂ ತಲಾ ದರ ಒಂದೇ ಇದ್ದರೆ ಬಿಡಿಬಿಡಿಯಾಗಿ ಕೊಳ್ಳುವುದರಿಂದ ಲಾಭವಿಲ್ಲ.
* ಹೋಗುವ ಮತ್ತು ಬರುವ ಪ್ರಯಾಣಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ದಿಕ್ಕಿನಲ್ಲಿ ಮಾತ್ರ ವ್ಯತ್ಯಾಸವಿರಬಹುದು.
* ಹಣ ಪಾವತಿಯ ಕೊನೆಯ ಪುಟದವರೆಗೂ ಹೋಗಿ ಒಟ್ಟು ಮೊತ್ತವನ್ನು ಹೋಲಿಸಬೇಕು. ಸೇವಾ ಶುಲ್ಕವನ್ನು ಪ್ರತಿ ಬುಕಿಂಗ್‌ಗೆ ವಿಧಿಸುವ ಕಡೆ ಎರಡು ಬಾರಿ ಕಾದಿರಿಸಿದರೆ ಶುಲ್ಕವೂ ಎರಡು ಬಾರಿ ಬೀಳುತ್ತದೆ. ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಮಾತ್ರ ತಲಾ ಲೆಕ್ಕದ್ದು. ಹೇಗೆ ಕೊಂಡರೂ ಬದಲಾಗದು.
* ಒಂದು ಬುಕಿಂಗ್ ಮುಗಿದ ಕೂಡಲೇ ಇನ್ನೊಂದನ್ನೂ ಮುಗಿಸಬೇಕು. ನಡುವೆ ತಡಮಾಡಿದರೆ ಎರಡನೆಯ ದರ ಮತ್ತೆ ಏರಬಹುದು. ಆಸನವೇ ಸಿಗದೆಯೂ ಹೋಗಬಹುದು.

ಮಕ್ಕಳಿದ್ದರೆ ಎಚ್ಚರ

ಪ್ರತಿ ಬುಕಿಂಗ್‌ಗೂ ಪ್ರತ್ಯೇಕ ಪಿಎನ್‌ಆರ್ ಸಂಖ್ಯೆ ಇರುತ್ತದೆ. ಬೇರೆ ಬೇರೆ ಪಿಎನ್‌ಆರ್ ಹೊಂದಿದವರು ಒಂದೇ ಕುಟುಂಬದವರೆಂಬುದು ಸಂಸ್ಥೆಯ ಗಣಕಕ್ಕೆ ತಾನಾಗಿ ತಿಳಿಯುವುದಿಲ್ಲ. ಬಿಡಿ ಟಿಕೆಟ್‌ಗಳ ಮುಖ್ಯ ತೊಡಕು ಇದೇ.

12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುವ ತಂದೆತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಿ ಆಸನ ನೀಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು (ಡಿಜಿಸಿಎ) 2024ರ ಏಪ್ರಿಲ್‌ನಲ್ಲಿ ಸಂಸ್ಥೆಗಳಿಗೆ ಸೂಚಿಸಿತು. ಇಲ್ಲಿ ಗಮನಿಸಬೇಕಾದುದು ‘ಅದೇ ಪಿಎನ್‌ಆರ್’ ಎಂಬ ಮಾತು. ತಂದೆತಾಯಿ ಒಂದು ಟಿಕೆಟ್‌ನಲ್ಲಿ, ಮಕ್ಕಳು ಅಜ್ಜಿಯೊಡನೆ ಇನ್ನೊಂದರಲ್ಲಿ ಎಂದಾದರೆ ಪಕ್ಕದ ಆಸನ ಕೇಳಲು ಅಜ್ಜಿಯ ಹೆಸರೇ ಆಧಾರ. ಮಕ್ಕಳನ್ನಷ್ಟೇ ಪ್ರತ್ಯೇಕವಾಗಿ ಕಾದಿರಿಸಿದರೆ ಈ ಆಧಾರವೂ ಇಲ್ಲ. ಸಂಸ್ಥೆಯು ಅವರನ್ನು ಒಂಟಿಯಾಗಿ ಪ್ರಯಾಣಿಸುವ ಮಕ್ಕಳೆಂದು ಪರಿಗಣಿಸಿ ಬೇರೆ ನಿಯಮ, ಹೆಚ್ಚುವರಿ ಶುಲ್ಕ ವಿಧಿಸಬಹುದು. ಹಾಗಾಗಿ ವಿಭಜಿಸುವುದೇ ಆದರೆ ಪ್ರತಿ ಟಿಕೆಟ್‌ನಲ್ಲೂ ಒಬ್ಬ ಹಿರಿಯರು, ಅವರೊಡನೆ ಒಂದು ಮಗು ಎಂಬಂತೆ ಹಂಚಿಕೊಳ್ಳುವುದು ಕ್ಷೇಮ.

ಎರಡು ವರ್ಷದೊಳಗಿನ ಶಿಶುವಿಗೆ ಪ್ರತ್ಯೇಕ ಆಸನವಿಲ್ಲ. ಹಿರಿಯರ ಮಡಿಲಲ್ಲೇ ಪ್ರಯಾಣ. ಒಬ್ಬ ಹಿರಿಯರೊಡನೆ ಒಂದೇ ಮಡಿಲ ಶಿಶುವಿಗೆ ಅವಕಾಶವಿರುವುದರಿಂದ ಹೆಸರುಗಳನ್ನು ಹಂಚುವಾಗ ಇದನ್ನೂ ನೆನಪಿಡಬೇಕು.

ವಿಮಾನ ರದ್ದಾದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಒಂದು ಪಿಎನ್‌ಆರ್‌ನವರಿಗೆ ಬೆಳಗಿನ ವಿಮಾನವನ್ನೂ, ಇನ್ನೊಂದರವರಿಗೆ ಸಂಜೆಯದನ್ನೂ ಗೊತ್ತುಮಾಡುವ ಸಾಧ್ಯತೆ ಇಲ್ಲದಿಲ್ಲ. ಟಿಕೆಟ್ ಪಡೆದ ಕೂಡಲೇ ಸಂಸ್ಥೆಯ ಗ್ರಾಹಕ ಕೇಂದ್ರಕ್ಕೆ ಕರೆ ಮಾಡಿ, ಎರಡೂ ಪಿಎನ್‌ಆರ್‌ಗಳಲ್ಲಿ ಪರಸ್ಪರ ಉಲ್ಲೇಖ ದಾಖಲಿಸುವಂತೆ ಕೋರಬಹುದು. ಇದರಿಂದ ಒಟ್ಟಿಗೆ ಕಳುಹಿಸುವ ಭರವಸೆ ಸಿಗದಿದ್ದರೂ ಸಿಬ್ಬಂದಿಗೆ ವಿಷಯ ತಿಳಿದಿರುತ್ತದೆ. ನಡುವೆ ವಿಮಾನ ಬದಲಿಸಬೇಕಾದ ದೂರದ ಪ್ರಯಾಣಗಳಲ್ಲಿ, ಅದರಲ್ಲೂ ವಯಸ್ಸಾದವರು ಜತೆಗಿದ್ದಾಗ, ಒಂದೇ ಟಿಕೆಟ್ ಇರುವುದೇ ಒಳಿತು.

ಹತ್ತಕ್ಕಿಂತ ಹೆಚ್ಚು ಮಂದಿ

ಜಾಲತಾಣಗಳಲ್ಲಿ ಒಂದು ಬಾರಿಗೆ ಸಾಮಾನ್ಯವಾಗಿ 9 ಮಂದಿಗಷ್ಟೇ ಟಿಕೆಟ್ ಕಾದಿರಿಸಬಹುದು. ಮದುವೆಯ ದಿಬ್ಬಣ, ಯಾತ್ರಾ ತಂಡಗಳಂತೆ 10 ಅಥವಾ ಹೆಚ್ಚು ಮಂದಿ ಇದ್ದರೆ ಸಂಸ್ಥೆಯ ಸಮೂಹ ಬುಕಿಂಗ್ ವಿಭಾಗವನ್ನು ಸಂಪರ್ಕಿಸಬೇಕು. ಸಮೂಹ ದರ ಯಾವಾಗಲೂ ಕಡಿಮೆ ಎಂದು ಭಾವಿಸಬೇಕಿಲ್ಲ. ಆದರೆ ಮುಂಗಡ ಕೊಟ್ಟು ದರ ನಿಗದಿ ಮಾಡಿಕೊಳ್ಳುವ, ಪ್ರಯಾಣಿಕರ ಹೆಸರುಗಳನ್ನು ನಂತರ ನೀಡುವ ಸೌಲಭ್ಯ ಹಲವೆಡೆ ಇದೆ. ಬಿಡಿ ಟಿಕೆಟ್‌ಗಳ ಮೊತ್ತದೊಡನೆ ಹೋಲಿಸಿ ನೋಡಿಯೇ ನಿರ್ಧರಿಸಬೇಕು.

ಇನ್ನು ಹಿರಿಯ ನಾಗರಿಕರಿಗೆ, ವಿದ್ಯಾರ್ಥಿಗಳಿಗೆ, ಸೇನಾ ಸಿಬ್ಬಂದಿಗೆ ಕೆಲವು ಸಂಸ್ಥೆಗಳು ರಿಯಾಯಿತಿ ನೀಡುತ್ತವೆ. ಇಡೀ ಕುಟುಂಬವನ್ನು ಸಾಮಾನ್ಯ ದರದಲ್ಲಿ ಸೇರಿಸಿದರೆ ಅದು ಕೈತಪ್ಪಬಹುದು. ಅಂಥವರಿಗೆ ಪ್ರತ್ಯೇಕ ಟಿಕೆಟ್ ಪಡೆದರೆ ಎಷ್ಟಾಗುವುದೆಂದು ನೋಡುವುದು ಉಚಿತ. ರಿಯಾಯಿತಿ ಪಡೆದವರು ಗುರುತಿನ ಚೀಟಿಯನ್ನು ಜತೆಗಿಟ್ಟುಕೊಂಡಿರಬೇಕು.

ವಯಸ್ಕರಷ್ಟೇ ಹೊರಟಿದ್ದು ನೇರ ವಿಮಾನವಿದ್ದರೆ ಟಿಕೆಟ್ ವಿಭಜಿಸಿ ಕೊಳ್ಳಲು ಹಿಂಜರಿಯಬೇಕಿಲ್ಲ. ಚಿಕ್ಕ ಮಕ್ಕಳಿದ್ದಲ್ಲಿ ಉಳಿಯುವ ಮೊತ್ತವನ್ನು, ಪಕ್ಕದ ಆಸನವನ್ನು ಹಣ ಕೊಟ್ಟು ಆರಿಸಿಕೊಳ್ಳಲು ತಗಲುವ ಶುಲ್ಕದೊಡನೆ ಮೊದಲು ಹೋಲಿಸಬೇಕು. ಎರಡರ ನಡುವೆ ಹೆಚ್ಚು ಅಂತರವಿಲ್ಲವೆಂದಾದರೆ ಒಂದೇ ಟಿಕೆಟ್ ಲೇಸು.