ಜಿಯೋಕ್ಯಾಶಿಂಗ್: ಯುದ್ಧ ಸ್ಮಾರಕದ ಅಂಕಿಗಳಲ್ಲಿ ಅಡಗಿದ ಒಗಟು

ಉಪಗ್ರಹಗಳ ಸಂಕೇತ ಗ್ರಹಿಸಿ ಸ್ಥಳವನ್ನು ತಿಳಿಸುವ ಜಿಪಿಎಸ್ ಸಾಧನದ ನೆರವಿನಿಂದ, ಅಪರಿಚಿತರೊಬ್ಬರು ಬಚ್ಚಿಟ್ಟ ಪುಟ್ಟ ಡಬ್ಬಿಯನ್ನು ಪತ್ತೆಹಚ್ಚುವ ಹೊರಾಂಗಣ ಕ್ರೀಡೆಯೇ ಜಿಯೋಕ್ಯಾಶಿಂಗ್. ಡಬ್ಬಿಯಲ್ಲಿ ಬೆಲೆಬಾಳುವ ವಸ್ತುವೇನೂ ಇರುವುದಿಲ್ಲ. ಒಂದು ಸಣ್ಣ ಪುಸ್ತಕವಿರುತ್ತದೆ. ಕಂಡುಹಿಡಿದವರು ಅದರಲ್ಲಿ ಹೆಸರು, ದಿನಾಂಕ ಬರೆದು ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರಬೇಕು. ಹುಡುಕಾಟವೇ ಬಹುಮಾನ.

ಈ ಕ್ರೀಡೆಯ ಹುಟ್ಟಿಗೆ ಸೇನೆಯ ನಂಟಿದೆ. ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆಯ ವ್ಯವಸ್ಥೆ. ನಾಗರಿಕರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿದ್ದುದರಿಂದ ಸುಮಾರು 100 ಮೀಟರಿನಷ್ಟು ವ್ಯತ್ಯಾಸ ಬರುತ್ತಿತ್ತು. 2000ದ ಮೇ ಮೊದಲ ವಾರದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶದಂತೆ ಈ ದೋಷವನ್ನು ತೆಗೆದುಹಾಕಲಾಯಿತು. ಮೇ 3ರಂದು ಡೇವ್ ಉಲ್ಮರ್ ಎಂಬವರು ಒರೆಗಾನ್ ರಾಜ್ಯದ ಕಾಡಂಚಿನಲ್ಲಿ ಬಕೆಟ್ಟೊಂದನ್ನು ಇಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಅದು ಪತ್ತೆಯಾಯಿತು.

ವಿಳಾಸಕ್ಕೂ ಅಕ್ಷಾಂಶ ರೇಖಾಂಶಗಳಿಗೂ ಇರುವ ವ್ಯತ್ಯಾಸ ಅರಿಯಲು 'ವಿಜಯನಗರ' ಎಂಬ ಹೆಸರೇ ಸಾಕು. ಮೈಸೂರಿನಲ್ಲೊಂದು ವಿಜಯನಗರ, ಬೆಂಗಳೂರಿನಲ್ಲೊಂದು ವಿಜಯನಗರ. 2021ರಿಂದ ಆ ಹೆಸರಿನದೇ ಒಂದು ಜಿಲ್ಲೆ. ಮೈಸೂರಿನ ಬಡಾವಣೆಯೊಳಗೂ ಮೊದಲ ಹಂತ, ಎರಡನೇ ಹಂತ, ಮೂರನೇ ಹಂತವೆಂದು ವಿವರಿಸುವಷ್ಟರಲ್ಲಿ ಆಟೋ ಚಾಲಕರ ತಾಳ್ಮೆ ಮುಗಿದಿರುತ್ತದೆ. ಆದರೆ ಉತ್ತರ ಅಕ್ಷಾಂಶ ಸುಮಾರು 12 ಡಿಗ್ರಿ 20 ಮಿನಿಟ್, ಪೂರ್ವ ರೇಖಾಂಶ ಸುಮಾರು 76 ಡಿಗ್ರಿ 37 ಮಿನಿಟ್ ಎಂದರೆ ಗೊಂದಲವಿಲ್ಲ. ಅಕ್ಷಾಂಶದ ಒಂದು ಮಿನಿಟ್ ನೆಲದ ಮೇಲೆ ಸುಮಾರು 1.85 ಕಿ.ಮೀ. ಅದರ ಸಾವಿರದ ಒಂದಂಶ ಎರಡು ಮೀಟರಿಗಿಂತಲೂ ಕಡಿಮೆ. ಹೀಗಾಗಿ ದಶಮಾಂಶದ ನಂತರದ ಮೂರು ಅಂಕಿಗಳಲ್ಲೇ ಆಟದ ಸ್ವಾರಸ್ಯವೆಲ್ಲ ಅಡಗಿದೆ.

ಒಗಟಿನ ಮಾದರಿಯಲ್ಲಿ ಆ ಅಂಕಿಗಳನ್ನು ನೇರವಾಗಿ ಕೊಡುವುದಿಲ್ಲ. ಒಂದು ಉದಾಹರಣೆ ನೋಡಬಹುದು. ಮೈಸೂರು ಲ್ಯಾನ್ಸರ್ಸ್ ಅಶ್ವದಳ ಪಾಲ್ಗೊಂಡ ಹೈಫಾ ಕಾಳಗ ನಡೆದದ್ದು 1918ರ ಸೆಪ್ಟೆಂಬರ್ 23ರಂದು. ದಿನಾಂಕವನ್ನು ತಿಂಗಳಿನಿಂದ ಗುಣಿಸಿದರೆ 207. ಇದು ಅಕ್ಷಾಂಶದ ಬಾಲ. ರೇಖಾಂಶಕ್ಕೆ ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳಿಗೆ ಕ್ರಮಸಂಖ್ಯೆ ಒದಗಿಸಿರುವ ಕಟಪಯಾದಿ ಪದ್ಧತಿಯನ್ನೇ ಬಳಸಬಹುದು. 'ಮಾಯಾಮಾಳವಗೌಳ'ದ ಮೊದಲೆರಡು ಅಕ್ಷರಗಳಲ್ಲಿ ಮ ಅಂದರೆ 5, ಯ ಅಂದರೆ 1. ಹಿಂದುಮುಂದಾಗಿ ಓದಿದರೆ 15ನೇ ಮೇಳ. ಅದೇ ಕ್ರಮದಲ್ಲಿ 'ಮೈಸೂರು' ಎಂಬುದು 5, 7, 2; ತಿರುಗಿಸಿದರೆ 275. ಅಲ್ಲಿಗೆ 20.207 ಮತ್ತು 37.275 ಮಿನಿಟ್ ಸಿದ್ಧ. (ಅಲ್ಲಿ ಡಬ್ಬಿಯಿಲ್ಲ, ಇದು ಲೆಕ್ಕದ ನಿದರ್ಶನ ಮಾತ್ರ.) ಪರದೇಶಗಳ ಒಗಟುಗಾರರು ಮೋರ್ಸ್ ಸಂಕೇತ, ರೋಮನ್ ಅಂಕಿಗಳನ್ನು ನೆಚ್ಚಿಕೊಂಡಿದ್ದಾರೆ. ಕನ್ನಡದವರ ಕೈಯಲ್ಲಿ ತಮ್ಮದೇ ಆದ ಸರಕಿದೆ.

ಇನ್ನೊಂದು ಬಗೆಯಲ್ಲಿ ಆಟಗಾರ ಸ್ಥಳಕ್ಕೇ ಹೋಗಿ ಶಾಸನ ಓದಬೇಕು. ಯುದ್ಧ ಸ್ಮಾರಕಗಳ ಉದ್ಯಾನಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ: ಇಸವಿ, ಹೆಸರುಗಳ ಸಾಲು, ದಳಗಳ ಸಂಖ್ಯೆ ಎಲ್ಲವೂ ಕಲ್ಲಿನ ಮೇಲೆಯೇ ಇರುತ್ತವೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಅಲ್ಲಿ ಸ್ಮರಿಸಲಾದ ಸವಾರರು ಮೈಸೂರು ಸಂಸ್ಥಾನದಿಂದ ಈಜಿಪ್ಟ್, ಪ್ಯಾಲೆಸ್ಟೈನ್‌ಗಳಿಗೆ ತೆರಳಿದವರು. ಹೈಫಾದಲ್ಲಿ ಜೋಧಪುರದ ಸವಾರರೊಡನೆ ಭರ್ಜಿ ಹಿಡಿದು, ಮಷಿನ್‌ಗನ್‌ಗಳಿದ್ದ ಕಾರ್ಮೆಲ್ ಬೆಟ್ಟವನ್ನೇರಿದರು. ಅಂದು ಸೆರೆಸಿಕ್ಕ ಶತ್ರುಸೈನಿಕರು ಸುಮಾರು 1,350. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರು ದಳಗಳವು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು. ದೆಹಲಿಯ ಪ್ರತಿಮೆಯನ್ನು ಬಲ್ಲ ಎಷ್ಟೋ ಮಂದಿಗೆ ಜೆ.ಸಿ. ನಗರದ ಕಂಬ ತಿಳಿದಿಲ್ಲ. ಒಗಟಿನ ನೆಪದಲ್ಲಾದರೂ ಒಬ್ಬ ಹುಡುಗ ಆ ಹೆಸರುಗಳನ್ನು ಒಂದೊಂದಾಗಿ ಎಣಿಸಿದರೆ, ಮಾಲಾರ್ಪಣೆಯ ದಿನ ಬಂದುಹೋಗುವವರಿಗಿಂತ ಹೆಚ್ಚನ್ನೇ ಓದಿದಂತಾಗುತ್ತದೆ.

ಮೈಸೂರಿಗೆ ಹತ್ತಿರದ ಶ್ರೀರಂಗಪಟ್ಟಣದಲ್ಲಿರುವುದು ಬೇರೆ ಬಗೆಯ ಸ್ಮಾರಕ. 1799ರ ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಪಡೆಯವರ ನೆನಪಿಗೆ 1907ರಲ್ಲಿ ಮೈಸೂರು ಸರ್ಕಾರವೇ ಅಲ್ಲಿ ಸ್ತಂಭ ನಿಲ್ಲಿಸಿತು. ಅದನ್ನು ಒಗಟಿಗೆ ಬಳಸುವವರು ಯಾರ ಸ್ಮಾರಕವೆಂಬುದನ್ನೂ ಹೇಳಬೇಕಾಗುತ್ತದೆ. ಬರಿಯ ಅಂಕಿ ಎತ್ತಿಕೊಂಡು ಹೋದರೆ ಅರ್ಧ ಸತ್ಯವಷ್ಟೇ ಕೈಗೆ ಸಿಕ್ಕಂತೆ.

ಆದರೆ ಡಬ್ಬಿಯನ್ನು ಸ್ಮಾರಕದಲ್ಲೇ ಇಡುವುದು ಸಲ್ಲದು. ಕಲ್ಲಿನ ಸಂದಿ ಕೆದಕುವುದು, ಗಿಡಗಳನ್ನು ತುಳಿಯುವುದು, ನಮಿಸಲು ಬಂದ ಕುಟುಂಬದವರ ನಡುವೆ ನುಸುಳುವುದು, ಯಾವುದೂ ಒಪ್ಪುವ ಮಾತಲ್ಲ. ಸ್ಮಾರಕದಲ್ಲಿ ಅಂಕಿಗಳನ್ನು ಮಾತ್ರ ಸಂಗ್ರಹಿಸಿ, ಡಬ್ಬಿಯನ್ನು ಅನುಮತಿ ಪಡೆದು ಬೇರೆಡೆ ಇಡುವುದೇ ಸರಿಯಾದ ಕ್ರಮ. ಡಬ್ಬಿಯೇ ಇಲ್ಲದೆ ಪ್ರಶ್ನೋತ್ತರದಲ್ಲಿ ಮುಗಿಯುವ ಮಾದರಿಯೂ ಇದೆ. ಜಾಗದ ಮಾಲೀಕರ ಸ್ಪಷ್ಟ ಅನುಮತಿಯಿಲ್ಲದೆ ನೆಲ ಅಗೆದು ಹೂಳುವುದಕ್ಕೆ ಈ ಕ್ರೀಡೆಯ ನಿಯಮಗಳಲ್ಲೇ ಅವಕಾಶವಿಲ್ಲ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವೂ ಇರಬೇಕು.

ಕರ್ನಾಟಕದಲ್ಲಿ ಅಗೆಯುವ ಮಾತೇ ಸಂಶಯ ಹುಟ್ಟಿಸುತ್ತದೆ. ಇಲ್ಲಿನ ಅತ್ಯಂತ ಹಳೆಯ ಯುದ್ಧ ಸ್ಮಾರಕಗಳು ವೀರಗಲ್ಲುಗಳು. ನಿಧಿಗಳ್ಳರ ಹಾರೆಗೆ ಹಾಳುಬಿದ್ದ ಗುಡಿಗಳು, ಕಿತ್ತೆಸೆದ ಕಲ್ಲುಗಳು ನಾಡಿನುದ್ದಕ್ಕೂ ಕಾಣಸಿಗುತ್ತವೆ. ಹಾಗಾಗಿ ಈ ಆಟವನ್ನು 'ನಿಧಿ ಶೋಧ' ಎಂದು ಕನ್ನಡಿಸುವ ರೂಢಿ ಅಷ್ಟು ಹಿತವಲ್ಲ. ಊರಿನವರು ಆ ಪದ ಕೇಳಿದೊಡನೆ ದೊಣ್ಣೆ ಹುಡುಕಿದರೆ ತಪ್ಪು ಅವರದಲ್ಲ.

ವಾರಸುದಾರರಿಲ್ಲದ ಡಬ್ಬಿಯ ಭಯ ಅದಕ್ಕಿಂತ ದೊಡ್ಡದು. 2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯ ಆವರಣದ ಶೌಚಾಲಯದಲ್ಲಿ ಬಾಂಬ್ ಸ್ಫೋಟಿಸಿತ್ತು. ಅಂಥ ನಗರದ ಉದ್ಯಾನದಲ್ಲಿ ಟೇಪು ಸುತ್ತಿದ ಡಬ್ಬಿಯನ್ನು ಬೆಂಚಿನಡಿ ಸಿಕ್ಕಿಸಿ, ಇನ್ನೊಬ್ಬ ಅಪರಿಚಿತ ಬಂದು ತಡಕಾಡಿದರೆ ಪೊಲೀಸರಿಗೆ ಕರೆ ಹೋಗುವುದು ಸಹಜ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಇಂಥದೇ ಆಟದ ಡಬ್ಬಿಯನ್ನು ಬಾಂಬ್ ಎಂದು ಶಂಕಿಸಿ ನಿಷ್ಕ್ರಿಯ ದಳದವರು ಸ್ಫೋಟಿಸಿದ್ದರು. ಪಾರದರ್ಶಕ ಡಬ್ಬಿ, ಮೇಲೆ ಕನ್ನಡದಲ್ಲಿ ಸ್ಪಷ್ಟ ಬರಹ, ಉದ್ಯಾನದ ಕಾವಲುಗಾರರಿಗೂ ಸಮೀಪದ ಠಾಣೆಗೂ ಮುಂಚಿತ ಮಾಹಿತಿ: ಇವಿಲ್ಲದೆ ನಗರದೊಳಗೆ ಆಟ ಹೂಡುವುದು ಅವಿವೇಕ.

ಸಾಧನದ ವಿಷಯದಲ್ಲೂ ಎಚ್ಚರ ಅಗತ್ಯ. ಸ್ಥಳ ತಿಳಿಸುವ ಮೊಬೈಲ್ ಫೋನ್ ಸಾಕಾಗುತ್ತದೆ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಇದನ್ನು ಅರಿಯದೆ ಬಂದ ವಿದೇಶಿ ಚಾರಣಿಗರು ವಿಮಾನ ನಿಲ್ದಾಣಗಳಲ್ಲೇ ವಶಕ್ಕೊಳಗಾದ ಪ್ರಸಂಗಗಳಿವೆ.